ಹೊಂಡ ನೋಡಿದವರು ಕೋಡಿಯನ್ನೂ ನೋಡಬೇಕು

ಜೋರು ಮಳೆಯ ಮರುದಿನ ಚಿತ್ರದುರ್ಗದ ಕೋಟೆ ಹತ್ತಿದರೆ ನನಗೆ ಬತೇರಿ, ಬಾಗಿಲುಗಳಿಗಿಂತ ಮೊದಲು ಕಾಣುವುದು ನೀರಿನ ದಾರಿ. ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ಸೇರುತ್ತದೆ. ಅದು ತುಂಬಿದರೆ ಅಕ್ಕ-ತಂಗಿ ಹೊಂಡ, ಆಮೇಲೆ ಕೆಳಗಿನ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆಹೊಂಡ. ಪಂಪಿಲ್ಲ, ವಾಲ್ವಿಲ್ಲ. ಒಂದರ ಕೋಡಿ ಇನ್ನೊಂದರ ಒಡಲು ತುಂಬಿಸುತ್ತದೆ.

ಇಪ್ಪತ್ತು ವರ್ಷದಿಂದ ದುರ್ಗ, ದಾವಣಗೆರೆಗಳಲ್ಲಿ ಕಟ್ಟಡಗಳ ನೀರು, ಒಳಚರಂಡಿ ಕೆಲಸ ಮಾಡಿಸುತ್ತಿದ್ದೇನೆ. 'ನಮ್ಮ ಲೇಔಟ್‌ನಾಗೂ ಒಂದು ಕಲ್ಯಾಣಿ ಮಾಡಿಸಿಕೊಡ್ರಿ ಸರ್' ಎಂದು ಬರುವವರು ಈಗೀಗ ಹೆಚ್ಚಾಗಿದ್ದಾರೆ. ಸಂತೋಷವೇ. ಆದರೆ ಅವರ ಕಣ್ಣಲ್ಲಿರುವುದು ಮೆಟ್ಟಿಲು, ಮಂಟಪ. ನಾವು ಕಲಿಯಬೇಕಾದ್ದು ಕೋಡಿಯ ಲೆಕ್ಕ: ಒಂದೇ ನೀರು ಹಂತ ಹಂತವಾಗಿ ಇಳಿಯುತ್ತ ಹಲವು ಕೆಲಸಕ್ಕೆ ಒದಗುವುದು.

ಮನೆಯೊಳಗೂ ಇದು ಸಾಧ್ಯ. ಒಳಚರಂಡಿ ಇರುವ ಊರಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂದು ಲೆಕ್ಕ ಹಿಡಿಯುತ್ತೇವೆ. ಅದರಲ್ಲಿ ಸುಮಾರು 45 ಲೀಟರ್ ಫ್ಲಶ್ ಮಾಡಲಿಕ್ಕೇ ಹೋಗುತ್ತದೆ, ಅದೂ ಶುದ್ಧೀಕರಿಸಿದ ನೀರು. ದುರ್ಗಕ್ಕೆ ಆ ನೀರು ಸೂಳೆಕೆರೆಯಿಂದ, ವಾಣಿವಿಲಾಸ ಸಾಗರದಿಂದ ಬರಬೇಕು. ನಮ್ಮ ಅಜ್ಜಿಯಂದಿರು ಬಚ್ಚಲ ನೀರನ್ನು ಬಾಳೆಬುಡಕ್ಕೆ ಬಿಡುತ್ತಿದ್ದರು. ಹೊಸ ಕಟ್ಟಡವಾದರೆ ಸ್ನಾನದ ನೀರಿಗೆ ಬೇರೆ ಪೈಪು ಹಾಕಿ, ಸೋಸಿ, ಫ್ಲಶ್‌ಗೆ ಕೊಡಬಹುದು. ಸ್ನಾನದ ಮನೆ ಅಕ್ಕ, ಫ್ಲಶ್ ಟ್ಯಾಂಕ್ ತಂಗಿ. ಗೋಡೆ ಏಳುವ ಮುಂಚೆ ಹೇಳಿದರೆ ಖರ್ಚು ಕಡಿಮೆ. ಟೈಲ್ಸ್ ಕೂರಿಸಿದ ಮೇಲೆ ಕರೆದರೆ ನನ್ನಿಂದ ಹೆಚ್ಚೇನೂ ಆಗುವುದಿಲ್ಲ.

ಚಾವಣಿ ನೀರು ಇನ್ನೂ ದೊಡ್ಡ ಆಸ್ತಿ. ವರ್ಷಕ್ಕೆ 600 ಮಿ.ಮೀ. ಮಳೆ ಎಂದಿಟ್ಟುಕೊಂಡರೂ 1,000 ಚದರ ಅಡಿ ತಾರಸಿಯಿಂದ ಸುಮಾರು 45,000 ಲೀಟರ್ ಹಿಡಿಯಬಹುದು. ನಮ್ಮ ಸೀಮೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ, ಮಳೆನೀರಲ್ಲಿ ಆ ಕಾಟವಿಲ್ಲ. ಹಾಗಾಗಿ ಮೊದಲು ನೆಲದಡಿಯ ಸಂಪ್‌ ತೊಟ್ಟಿಗೆ, ತುಂಬಿ ಉಕ್ಕಿದ್ದು ಇಂಗುಗುಂಡಿಗೆ ಎನ್ನುತ್ತೇನೆ. ಇಲ್ಲೂ ಕೋಡಿಯೇ.

ದಾವಣಗೆರೆಯ ಒಂದು ಬಡಾವಣೆಯಲ್ಲಿ ಇಂಗುಗುಂಡಿ ಎರಡನೇ ಮಳೆಗಾಲಕ್ಕೇ ಕೈಕೊಟ್ಟಿತು. 'ನೀರು ಇಂಗ್ತಾನೇ ಇಲ್ರೀ' ಎಂದರು. ತೆಗೆಸಿ ನೋಡಿದರೆ ಜಲ್ಲಿಯ ಮೇಲೆ ಗೇಣುದ್ದ ಹೂಳು, ಪ್ಲಾಸ್ಟಿಕ್ ಕವರು. ನೀರು ಇಂಗುಗುಂಡಿ ಸೇರುವ ಮುಂಚೆ ಹೂಳು ತಂಗಲು ಒಂದು ಹೂಳುಗುಂಡಿ ಕಟ್ಟಿರಲಿಲ್ಲ, ಅಷ್ಟೇ. ನಾಲ್ಕು ಸಾವಿರ ವರ್ಷಗಳ ಹಿಂದೆ ಮೊಹೆಂಜೊದಾರೊ ಜನ ಇಟ್ಟಿಗೆ ಚರಂಡಿಗಳ ನಡುವೆ ಕಸ ತಂಗುವ ಗುಂಡಿ ಬಿಟ್ಟು, ಮೇಲೆ ಎತ್ತಿ ತೆಗೆಯುವಂಥ ಮುಚ್ಚಳ ಹಾಕಿದ್ದರು.

ನನಗೆ ಅತಿ ಹೆಚ್ಚು ನೋವಾಗುವುದು ಮಳೆನೀರಿನ ಪೈಪನ್ನು ಯುಜಿಡಿಗೆ, ಅಂದರೆ ನೆಲದಡಿಯ ಒಳಚರಂಡಿಗೆ, ಸೇರಿಸುವಾಗ. ರಸ್ತೆಯಲ್ಲಿ ನೀರು ನಿಂತರೆ ಛೇಂಬರ್ ಮುಚ್ಚಳ ಎತ್ತಿಬಿಡುವವರೂ ಇದ್ದಾರೆ. ಆ ಪೈಪಿನ ಅಳತೆ ಮನೆಗಳ ಕೊಳಚೆಗಷ್ಟೇ ಸರಿ. ಮಳೆ ನುಗ್ಗಿದರೆ ತಗ್ಗಿನ ಮನೆಯ ಕಕ್ಕಸಿನಲ್ಲಿ ಮಲ ಉಕ್ಕುತ್ತದೆ. ಎರಡನ್ನೂ ಬೇರೆ ಇಡದೆ ಯಾವ ಹೊಂಡ ಕಟ್ಟಿದರೂ ಅದು ಕೊಳಚೆಗುಂಡಿಯಾಗುತ್ತದೆ.

ಹಳೆಯದೆಲ್ಲ ಬೇಕೆಂದೂ ಅಲ್ಲ. ಮನುಷ್ಯರ ಕೈಯಲ್ಲಿ ಮಲ ಹೊರಿಸಿದ ಪದ್ಧತಿ ನಮ್ಮ ನಾಚಿಕೆ. 2013ರ ಕಾಯ್ದೆ ಅದನ್ನು ನಿಷೇಧಿಸಿದೆ. ಮಲದ ಗುಂಡಿಗೆ ಆಳು ಇಳಿಸುವ ಕೆಲಸ ನಾನು ಒಪ್ಪುವುದಿಲ್ಲ, ಯಂತ್ರದ ಗಾಡಿ ಹೋಗಲು ದಾರಿ ಬಿಡದ ನಕ್ಷೆಗೆ ಸಹಿಯನ್ನೂ ಹಾಕುವುದಿಲ್ಲ.

ಹಿಂದೆ ಕೆರೆ ದುರಸ್ತಿಗೆಂದೇ ಕಟ್ಟುಗೊಡಗೆ ಭೂಮಿ ಬಿಡುತ್ತಿದ್ದರು, ತೂಬು ನೋಡಲು ನೀರಗಂಟಿ ಇರುತ್ತಿದ್ದ. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಆ ಹೊಣೆ ಹೊರುವವರ ಜಾಗ ಖಾಲಿ ಇದೆ. ಈಗ ನಾನು ನಕ್ಷೆ ಕೊಡುವಾಗಲೇ ಕೇಳುತ್ತೇನೆ: ಮುಂಗಾರಿಗೆ ಮುಂಚೆ ಹೂಳುಗುಂಡಿ ತೆಗೆಸುವವರು ಯಾರು, ಅದಕ್ಕೆ ತಿಂಗಳಿಗೆ ಎಷ್ಟು ಎತ್ತಿಡುತ್ತೀರಿ? ಎರಡಕ್ಕೂ ಉತ್ತರ ಬರೆದುಕೊಟ್ಟ ಮೇಲೆಯೇ ಗುಂಡಿಗೆ ಗುರುತು ಹಾಕಿಸುತ್ತೇನೆ.