ದೂರ ಅಷ್ಟೇ, ಹೊತ್ತು ಮಾತ್ರ ಬೇರೆ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 14,000 ಕಿಲೋಮೀಟರ್. ನೇರ ವಿಮಾನದಲ್ಲಿ ಹೋಗಲು ಹೆಚ್ಚುಕಮ್ಮಿ 16 ಗಂಟೆ ಸಾಕು. ವಾಪಸ್ ಬರಲು 17 ಗಂಟೆಗೂ ಜಾಸ್ತಿ ಬೇಕು. ಊರುಗಳೇನೂ ಜಾಗ ಬದಲಿಸಿಲ್ಲ, ಅಲ್ವಾ? ಮತ್ತೆ ಹೀಗೇಕೆ?

ಮೊದಲು ಈ 14,000 ಎಲ್ಲಿಂದ ಬಂತು ನೋಡೋಣ. ಹಡಗಿನವರು ಬಳಸುತ್ತಾ ಬಂದ ಮರ್ಕೇಟರ್ ನಕ್ಷೆಯಲ್ಲಿ ಬೆಂಗಳೂರಿನಿಂದ ಪೂರ್ವಕ್ಕೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಪೆಸಿಫಿಕ್ ಸಾಗರದ ನಡುವೆ ಸಾಗುತ್ತದೆ. ಆ ಗೆರೆ ಹಿಡಿದೇ ಹಾರಿದರೆ ದಾರಿ ಸುಮಾರು 16,100 ಕಿ.ಮೀ. ಆಗುತ್ತದೆ! ಗ್ಲೋಬ್ ಸಿಕ್ಕರೆ ಎರಡೂ ಊರುಗಳ ಮೇಲೆ ಒಂದು ದಾರ ಬಿಗಿಯಾಗಿ ಹಿಡಿದು ನೋಡಿ. ದಾರ ತಾನಾಗಿಯೇ ಉತ್ತರಕ್ಕೆ ಸರಿದು ಟಿಬೆಟ್, ಸೈಬೀರಿಯಾ ದಾಟುತ್ತದೆ. 71 ಡಿಗ್ರಿ ಅಕ್ಷಾಂಶದವರೆಗೂ ಏರಿ, ಅಲಾಸ್ಕಾ ಕಡೆಯಿಂದ ಕೆಳಗಿಳಿಯುತ್ತದೆ. ದುಂಡಗಿನ ಭೂಮಿಯ ಮೇಲೆ ಹತ್ತಿರದ ದಾರಿ ಇದೇ.

ಇನ್ನು ಹೊತ್ತಿನ ಮಾತು. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಅಂದರೆ ಅದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ. ತುಂಬಿದ ಹೊಳೆಯಲ್ಲಿ ಹರಿಗೋಲು ಸಾಗುವ ಹಾಗೆ, ಗಾಳಿಯೇ ಹರಿಯುತ್ತಿದ್ದರೆ ನೆಲದ ಲೆಕ್ಕ ಬದಲಾಗುತ್ತದೆ. ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಪಟ್ಟಿಗಳು ಹರಿಯುತ್ತವೆ. ಉಷ್ಣವಲಯದ ಬಿಸಿಗೂ ಧ್ರುವದ ಚಳಿಗೂ ಇರುವ ಅಂತರ ಇವುಗಳಿಗೆ ಬಲ ಕೊಡುತ್ತದೆ. ಭೂಮಿಯ ತಿರುಗುವಿಕೆ ಅವನ್ನು ಪೂರ್ವಕ್ಕೆ ಬಾಗಿಸುತ್ತದೆ. ಚಳಿಗಾಲದಲ್ಲಿ ಆ ಅಂತರ ಹೆಚ್ಚುವುದರಿಂದ ಗಾಳಿಯೂ ಜೋರಾಗುತ್ತದೆ.

ಲೆಕ್ಕ ಹಾಕಿ ನೋಡಿ. ಗಾಳಿಯೇ ಇಲ್ಲದಿದ್ದರೆ 14,000 ಕಿ.ಮೀ.ಗೆ ಹದಿನೈದೂವರೆ ಗಂಟೆ. ದಾರಿಯುದ್ದಕ್ಕೂ ಸರಾಸರಿ 100 ಕಿ.ಮೀ. ವೇಗದ ಎದುರುಗಾಳಿ ಇದ್ದರೆ ಹದಿನೇಳೂವರೆ! ಅದಕ್ಕೇ ಅಮೆರಿಕಕ್ಕೆ ಹೋಗುವಾಗ ಹತ್ತಿರದ ದಾರಿ ಬಿಟ್ಟು, ಪೆಸಿಫಿಕ್ ಮೇಲೆ ಜೆಟ್ ಸ್ಟ್ರೀಮ್ ಹಿಡಿದು ಹೋಗುವುದೇ ಎಷ್ಟೋ ಸಲ ಲಾಭ.

ಬರುವಾಗ ಈ ಗಾಳಿಯಿಂದ ತಪ್ಪಿಸಿಕೊಳ್ಳಬೇಕು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ತಂಡದ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲಿಂದಲೇ ತಂದರು. ಧ್ರುವದ ಮೇಲೆ ಹಾದರೆ ದಾರಿ ಸುಮಾರು 14,400 ಕಿ.ಮೀ. ಅಂದರೆ ಹತ್ತಿರದ ದಾರಿಗಿಂತ 400 ಕಿ.ಮೀ. ಮಾತ್ರ ಹೆಚ್ಚು. ಜೆಟ್ ಸ್ಟ್ರೀಮ್‌ಗೆ ಎದುರಾಗಿ ಗಂಟೆಗಟ್ಟಲೆ ಗುದ್ದಾಡುವ ಬದಲು ಅದನ್ನು ಅಡ್ಡಲಾಗಿ ದಾಟಿಬಿಡಬಹುದು.

ಆದರೆ ಅಲ್ಲಿನ ಚಳಿ ಸಾಮಾನ್ಯದ್ದಲ್ಲ. ಹೊರಗೆ ಮೈನಸ್ 60 ಡಿಗ್ರಿಗೂ ಕೆಳಗೆ ಇಳಿಯಬಹುದು. ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಇಂಧನ ಮೈನಸ್ 40ರಲ್ಲೇ ಹೆಪ್ಪುಗಟ್ಟಬಹುದು. ಆದ್ದರಿಂದ ಪೈಲಟ್‌ಗಳು ರೆಕ್ಕೆಯೊಳಗಿನ ಟ್ಯಾಂಕಿನ ಉಷ್ಣತೆಯ ಮೇಲೆ ಸದಾ ಕಣ್ಣಿಟ್ಟಿರುತ್ತಾರೆ. ಅದು ತೀರಾ ಇಳಿಯುತ್ತಾ ಹೋದರೆ ಬೆಚ್ಚಗಿನ ಗಾಳಿ ಹುಡುಕಿ ಕೆಳಗಿಳಿಯಬೇಕು, ಇಲ್ಲವೇ ವೇಗ ಹೆಚ್ಚಿಸಬೇಕು. ವೇಗ ಹೆಚ್ಚಿದಂತೆ ಗಾಳಿ ಒತ್ತಿ ರೆಕ್ಕೆಯ ಮೈ ತುಸು ಬಿಸಿಯಾಗುತ್ತದೆ. ಎರಡಕ್ಕೂ ಇಂಧನ ಹೆಚ್ಚು ಉರಿಯುತ್ತದೆ, ಆ ಲೆಕ್ಕವೂ ವಿಮಾನ ಹೊರಡುವ ಮೊದಲೇ ಆಗಿರಬೇಕು.