ಕರಾವಳಿ ಪ್ರವಾಸದಲ್ಲಿ ಹಳೆಯ ವಸ್ತು ಕೊಳ್ಳುವ ಮುನ್ನ ಏನು ಕೇಳಬೇಕು?

ಪ್ರಶ್ನೆ: ರಜೆಯಲ್ಲಿ ವಿರಾಜಪೇಟೆಯಿಂದ ಮಾಕುಟ್ಟದ ದಾರಿಯಾಗಿ ಕಣ್ಣೂರು, ತಲಶ್ಶೇರಿ ನೋಡಿಕೊಂಡು ಕೊಚ್ಚಿಯವರೆಗೆ ಕಾರಿನಲ್ಲಿ ಹೋಗುವವರಿದ್ದೇವೆ. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಒಂದೆರಡು ವಸ್ತು ಕೊಳ್ಳುವ ಆಸೆಯಿದೆ. ಅಸಲಿಯನ್ನು ಗುರುತಿಸುವುದು ಹೇಗೆ? ಕಾನೂನಿನ ತೊಡಕೇನಾದರೂ ಇದೆಯೇ?

ಉತ್ತರ: ಧಾರಾಳವಾಗಿ ಕೊಳ್ಳಬಹುದು. ಆದರೆ ವಸ್ತು ಎಷ್ಟು ಹಳೆಯದೆಂದು ವಿಚಾರಿಸುವ ಮುನ್ನ, ಅದು ಯಾವ ಊರಿನ ಯಾವ ಮನೆಯಿಂದ ಅಂಗಡಿಗೆ ಬಂತೆಂದು ಕೇಳಿ. ನಿಮ್ಮ ಎರಡೂ ಪ್ರಶ್ನೆಗಳಿಗೆ ಬಹುಪಾಲು ಉತ್ತರ ಅಲ್ಲಿಯೇ ಸಿಗುತ್ತದೆ. ಕೇರಳದ ಕೂಡುಕುಟುಂಬಗಳ ಹಳೆಯ ತರವಾಡು ಮನೆಯೊಂದನ್ನು ಕೆಡವಿದಾಗ ಸಾಮಾನು ತಂದ ವ್ಯಾಪಾರಿ ಊರನ್ನೂ ತಂದ ಕಾಲವನ್ನೂ ಹೇಳಬಲ್ಲ. "ನೂರೈವತ್ತು ವರ್ಷದ್ದು" ಎಂಬುದನ್ನು ಬಿಟ್ಟು ಬೇರೇನೂ ಹೇಳಲಾರದವನ ಬಳಿ ಹೊಸ ವಸ್ತುವಿಗೆ ಎಷ್ಟು ಕೊಡುತ್ತೀರೋ ಅಷ್ಟನ್ನೇ ಕೊಡಿ.

ಈ ಊರುಗಳಲ್ಲಿ ಹಳೆಯ ವಸ್ತುಗಳು ಸೇರಿರುವುದು ಆಕಸ್ಮಿಕವಲ್ಲ. ಪೋರ್ಚುಗೀಸರು 1505ರಲ್ಲಿ ಕಟ್ಟಲಾರಂಭಿಸಿದ ಕಣ್ಣೂರಿನ ಸೇಂಟ್ ಆಂಜೆಲೊ ಕೋಟೆ 1663ರಲ್ಲಿ ಡಚ್ಚರ ಪಾಲಾಯಿತು. ಅನಂತರ ಕಣ್ಣೂರಿನ ಅರಕ್ಕಲ್ ರಾಜಮನೆತನಕ್ಕೆ, ಕೊನೆಗೆ ಇಂಗ್ಲಿಷರಿಗೆ ಹೋಯಿತು. ತಲಶ್ಶೇರಿಯು ಈಸ್ಟ್ ಇಂಡಿಯಾ ಕಂಪನಿಯ ಮೆಣಸಿನ ವ್ಯಾಪಾರದ ನೆಲೆಯಾಗಿತ್ತು. ನಮ್ಮ ಕೊಡಗಿನ ಕಾಫಿ, ಏಲಕ್ಕಿಗಳೂ ಘಟ್ಟವಿಳಿದು ಆ ಬಂದರನ್ನೇ ಸೇರುತ್ತಿದ್ದವು. ಕೊಚ್ಚಿಯ ಮಟ್ಟಾಂಚೇರಿಯಲ್ಲಿ, 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್ ಇರುವ ಯಹೂದಿ ಬೀದಿಯ ಹಳೆಯ ಮಸಾಲೆ ಗೋದಾಮುಗಳಲ್ಲಿ ಹಲವು ಈಗ ಹಳೆಯ ಸಾಮಾನಿನ ಮಳಿಗೆಗಳಾಗಿವೆ. ಅಲ್ಲಿ ಅಪ್ಪಟ ಹಳತರ ಪಕ್ಕದಲ್ಲಿಯೇ ನಿನ್ನೆ ಮೊನ್ನೆ ಮಾಡಿದ ಪ್ರತಿಗಳೂ ಕೂತಿರುತ್ತವೆ.

ತಲಶ್ಶೇರಿಯ ಕಡೆಯ ನೆಟ್ಟೂರ್ ಪೆಟ್ಟಿಯನ್ನೇ ತೆಗೆದುಕೊಳ್ಳಿ. ಗೋಪುರದಂತೆ ಇಳಿಜಾರಾದ ಮುಚ್ಚಳ, ಮೂಲೆಗಳಿಗೆ ಹಿತ್ತಾಳೆಯ ಕಟ್ಟು ಇರುವ, ಒಡವೆ ಇಡುತ್ತಿದ್ದ ಈ ಮರದ ಪೆಟ್ಟಿಗೆಗೆ ಬೇಡಿಕೆ ಹೆಚ್ಚು, ಆದ್ದರಿಂದ ಪ್ರತಿಗಳೂ ಹೆಚ್ಚು. ಹೊರಗಿನ ಹೊಳಪನ್ನು ನೋಡುತ್ತಾ ನಿಲ್ಲದೆ ಮುಚ್ಚಳ ತೆರೆಯಿರಿ, ಪೆಟ್ಟಿಯನ್ನು ಮಗುಚಿ ತಳವನ್ನು ಬೆಳಕಿಗೆ ಹಿಡಿಯಿರಿ. ತಲೆಮಾರುಗಳ ಕೈಗಳು ತಾಗಿದ ಕಡೆ, ಅಂದರೆ ಹಿಡಿಕೆಯ ಸುತ್ತ, ಚಿಲಕದ ಕೆಳಗೆ, ಮುಚ್ಚಳದ ಅಂಚಿನಲ್ಲಿ ಮರ ಸವೆದು ನುಣುಪಾಗಿರಬೇಕು; ಕೈ ತಾಗದ ಮೂಲೆಗಳಲ್ಲಿ ಹಾಗೆ ಸವೆಯಲು ಕಾರಣವಿಲ್ಲ. ಎಲ್ಲ ಕಡೆಯೂ ಒಂದೇ ಸಮನೆ ಸವೆದಂತೆ ಕಂಡರೆ ಅದು ಉಪ್ಪುಕಾಗದದ ಕೆಲಸ. ತಲೆಯ ಮೇಲೆ ಕೂಡಿಸುವ ಚಿಹ್ನೆಯಂತೆ ಗೀರಿರುವ ಸ್ಕ್ರೂಗಳು ಬಳಕೆಗೆ ಬಂದದ್ದು 1930ರ ದಶಕದ ನಂತರ. ಅವು ಕಂಡರೆ ಒಂದೋ ವಸ್ತು ಹೊಸದು, ಇಲ್ಲವೇ ದುರಸ್ತಿಯಾಗಿದೆ. ದುರಸ್ತಿ ದೋಷವಲ್ಲ, ಆದರೆ ಬೆಲೆ ಮಾತಾಡುವಾಗ ಅದು ನಿಮಗೆ ಗೊತ್ತಿರಬೇಕು.

ವಸ್ತುವಿನ ಮೇಲಿನ ಇಸವಿಯನ್ನು ನಂಬಿ ಕೆಟ್ಟವರು ಬಹಳ ಮಂದಿ. ರಾಮ ಪರಿವಾರದ ಚಿತ್ರವಿದ್ದು ಈಸ್ಟ್ ಇಂಡಿಯಾ ಕಂಪನಿ, 1818 ಎಂದು ಬರೆದಿರುವ ತಾಮ್ರದ ದಪ್ಪ "ಒಂದಾಣೆ"ಗಳು ಕಂಪನಿ ಟಂಕಿಸಿದ ನಾಣ್ಯಗಳೇ ಅಲ್ಲ. ವಾಪಸಾಗುವಾಗ ಮಂಗಳೂರಿನ ಮೇಲೆ ಬಂದರೆ, ಬಾಸೆಲ್ ಮಿಶನ್ ಹಂಚುಗಳನ್ನು 1865ರವು ಎಂದು ಮಾರುವವರು ಸಿಗಬಹುದು. ಅಲ್ಲಿ ಮುದ್ರೆಯಾಗಿರುವುದು ಕಾರ್ಖಾನೆ ಆರಂಭವಾದ ವರ್ಷವೇ ಹೊರತು ಆ ಹಂಚು ಸುಟ್ಟ ವರ್ಷವಲ್ಲ.

ಇನ್ನು ಕಾನೂನು. 1972ರ ಪುರಾತನ ವಸ್ತುಗಳ ಮತ್ತು ಕಲಾ ನಿಧಿಗಳ ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ಕಲಾವಸ್ತು, ಕರಕುಶಲ ವಸ್ತುಗಳು ಪುರಾತನ ವಸ್ತುಗಳೆನಿಸುತ್ತವೆ. ಮಹತ್ವದ ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷ ಸಾಕು. ಇವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಅದನ್ನು ತೋರಿಸುವಂತೆ ಕೇಳುವುದರಲ್ಲಿ ಸಂಕೋಚಪಡಬೇಕಾದ್ದಿಲ್ಲ. ಶಿಲ್ಪ, ವರ್ಣಚಿತ್ರ, ಸಚಿತ್ರ ಹಸ್ತಪ್ರತಿಗಳಂಥವನ್ನು ಕೊಂಡರೆ ಹದಿನೈದು ದಿನಗಳೊಳಗೆ ಪುರಾತನ ವಸ್ತುಗಳ ನೋಂದಣಾಧಿಕಾರಿಯ ಬಳಿ ನೋಂದಾಯಿಸಲು ಅರ್ಜಿ ಹಾಕಬೇಕು. ಖಾಸಗಿ ವ್ಯಕ್ತಿಗಳು ಪುರಾತನ ವಸ್ತುವನ್ನು ದೇಶದಾಚೆಗೆ ಒಯ್ಯುವಂತಿಲ್ಲವಾದ್ದರಿಂದ, ವಿದೇಶದಲ್ಲಿರುವ ಮಗನಿಗೋ ಮಗಳಿಗೋ ಉಡುಗೊರೆ ಕೊಡುವ ಯೋಚನೆಯಿದ್ದರೆ ಹಳತನ್ನು ಬಿಟ್ಟು ಒಳ್ಳೆಯ ಹೊಸ ಕೆಲಸವನ್ನು ಆರಿಸಿಕೊಳ್ಳಿ. ದೇವಸ್ಥಾನದ ಮೂರ್ತಿಯಂತೆ ಕಾಣುವ ಯಾವುದನ್ನೂ ಮೂಲ ಗೊತ್ತಿಲ್ಲದೆ ಮುಟ್ಟಬೇಡಿ.

ಕೊಡಗಿನವರು ಇನ್ನೊಂದನ್ನು ಮುಖ್ಯವಾಗಿ ಗಮನಿಸಬೇಕು. ಕೊಡವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಕಿರುಗತ್ತಿಯಾದ ಪೀಚೆಕತ್ತಿ, ಅದೂ ದಂತದ ಹಿಡಿಯದ್ದೋ ಗೋಡೆಗೆ ತೂಗುಹಾಕುವ ಜಿಂಕೆ, ಕಡವೆಯ ಕೊಂಬುಗಳೋ ಅಂಗಡಿಯಲ್ಲಿ ಕಂಡಾವು. ಎಷ್ಟೇ ಹಳೆಯದಾಗಿದ್ದರೂ ದಂತದ ವ್ಯಾಪಾರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕೊಂಬಿನ ಮಾರಾಟವೂ ಹಾಗೆಯೇ. ಹಿರಿಯರಿಂದ ಬಂದದ್ದನ್ನು ಒಡೆತನದ ಪ್ರಮಾಣಪತ್ರದೊಡನೆ ಮನೆಯಲ್ಲಿ ಇಟ್ಟುಕೊಂಡಿರುವುದು ಬೇರೆ, ಹಣ ಕೊಟ್ಟು ಕೊಳ್ಳುವುದು ಬೇರೆ.

ನನ್ನ ಮನಸ್ಸನ್ನು ಹೆಚ್ಚು ಕಾಡುವುದು ಕೊಡವ ಮನೆತನಗಳ ಮೂಲಮನೆಗಳಾದ ನಮ್ಮ ಐನ್‌ಮನೆಗಳ ವಸ್ತುಗಳು. ಮನೆಯ ನಡುವಿನ ಅಂಕಣವಾದ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುತ್ತಿದ್ದ ದೀಪ, ಕೆತ್ತನೆಯ ಬಾಗಿಲುವಾಡ, ಕಂಬ ಇವು ಯಾರೊಬ್ಬರ ಸ್ವತ್ತೂ ಅಲ್ಲ, ಇಡೀ ಒಕ್ಕಕ್ಕೆ, ಅಂದರೆ ಒಂದೇ ಮೂಲದ ಮನೆತನಕ್ಕೆ, ಸೇರಿದವು. ಒಬ್ಬರು ಮಾರಿದರೆ ಉಳಿದವರ ಒಪ್ಪಿಗೆ ಇತ್ತೇ ಎಂಬ ಪ್ರಶ್ನೆ ವಸ್ತುವಿನ ಬೆನ್ನಿಗೇ ಬರುತ್ತದೆ. ಹಾಗಾಗಿ ಕರಾವಳಿಯ ಅಂಗಡಿಯಲ್ಲಿ ನಮ್ಮ ಕಡೆಯ ದೀಪವೊಂದು ಕಣ್ಣಿಗೆ ಬಿದ್ದು, ವ್ಯಾಪಾರಿ ಮನೆತನದ ಹೆಸರನ್ನೂ ಹೇಳಿದರೆ, ಮುಂಗಡ ಕೊಡುವ ಮುನ್ನ ಆ ಒಕ್ಕದ ಹಿರಿಯರಾದ ಪಟ್ಟೇದಾರರಿಗೆ ಒಂದು ಫೋನ್ ಮಾಡಿ. ಅವರೇ ಅದನ್ನು ಬಿಡಿಸಿಕೊಳ್ಳಲು ಮುಂದೆ ಬರಬಹುದು.