ಒಂದೇ ತೂಕದ ಇಬ್ಬರು ಮಕ್ಕಳು: ಅಪೌಷ್ಟಿಕತೆಯ ಟಿಪ್ಪಣಿ

ಈ ವಾರ ಹಾಸನದ ಹತ್ತಿರದ ಅಂಗನವಾಡಿಯಲ್ಲಿ ನಮ್ಮ ನರ್ಸಿಂಗ್ ಬ್ಯಾಚಿನ ಪೋಸ್ಟಿಂಗ್. ತಲೆಯಲ್ಲಿ ಕೂರಲಿ ಅಂತ ಇವತ್ತೇ ಬರೆಯುತ್ತಿದ್ದೇನೆ.

ಮರಾಸ್ಮಸ್ ಎಂದರೆ ಮಗು ಒಣಗಿ ಎಲುಬು ಕಾಣುವುದು, ಕ್ವಾಶಿಯೋರ್ಕರ್ ಎಂದರೆ ಊತ. ಇದು ಎಲ್ಲರಿಗೂ ಗೊತ್ತು. ನಾನು ಎಡವಿದ್ದು ಮೂರು ಅಳತೆಗಳಲ್ಲಿ.

ವಯಸ್ಸಿಗೆ ತಕ್ಕ ತೂಕ ಇಲ್ಲದಿದ್ದರೆ ಕಡಿಮೆ ತೂಕ. ವಯಸ್ಸಿಗೆ ತಕ್ಕ ಉದ್ದ ಇಲ್ಲದಿದ್ದರೆ ಕುಂಠಿತ. ಉದ್ದಕ್ಕೆ ತಕ್ಕ ತೂಕ ಇಲ್ಲದಿದ್ದರೆ ಕೃಶ. ಮೂರಕ್ಕೂ ಗಡಿ ಮೈನಸ್ 2 ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಆರೋಗ್ಯವಂತ ಮಕ್ಕಳ ಮಧ್ಯದ ಅಳತೆಯಿಂದ ಎಷ್ಟು ದೂರ ಎಂಬ ಲೆಕ್ಕ). ಮೈನಸ್ 3ಕ್ಕಿಂತ ಕೆಳಗಿದ್ದರೆ ತೀವ್ರ.

ಬಾಯಿಪಾಠ ಸುಲಭ. ಆದರೆ ಕಡಿಮೆ ತೂಕದ ಮಗು ಕೃಶವೇ ಅಲ್ವಾ ಅಂತ ನಾನು ಅಂದುಕೊಂಡಿದ್ದೆ. ಅಲ್ಲ! ಲೆಕ್ಕಕ್ಕೆ ಇಬ್ಬರು ಹೆಣ್ಣು ಮಕ್ಕಳನ್ನು ಇಟ್ಟುಕೊಳ್ಳಿ. ಇಬ್ಬರಿಗೂ 12 ತಿಂಗಳು, ಇಬ್ಬರೂ 6.8 ಕೆ.ಜಿ. ಈ ವಯಸ್ಸಿಗೆ ಮೈನಸ್ 2ರ ಗೆರೆ 7 ಕೆ.ಜಿ. ಹಾಗಾಗಿ ಇಬ್ಬರೂ ಕಡಿಮೆ ತೂಕವೇ. ತೂಕದ ಚಾರ್ಟಿನಲ್ಲಿ ಎರಡೂ ಚುಕ್ಕೆ ಒಂದೇ ಜಾಗಕ್ಕೆ ಬೀಳುತ್ತವೆ.

ಈಗ ಮಲಗಿಸಿ ಉದ್ದ ಅಳೆಯಿರಿ. ಮೊದಲನೆಯದು 68 ಸೆಂ.ಮೀ. ವಯಸ್ಸಿಗೆ 68.9 ಆದರೂ ಇರಬೇಕಿತ್ತು, ಆದ್ದರಿಂದ ಕುಂಠಿತ. ಆದರೆ 68 ಸೆಂ.ಮೀ. ಮೈಗೆ ಆ ತೂಕ ಸಾಕು, ಕೃಶವಲ್ಲ. ಎರಡನೆಯದು 74 ಸೆಂ.ಮೀ., ಅಂದರೆ ವಯಸ್ಸಿಗೆ ಸರಿಯಾದ ಉದ್ದ. ಅಷ್ಟುದ್ದದ ಮೈಗೆ 6.8 ಕೆ.ಜಿ. ಮೈನಸ್ 3ಕ್ಕಿಂತಲೂ ಕೆಳಗೆ. ಇದು ಸ್ಯಾಮ್ (ತೀವ್ರ ಅಪೌಷ್ಟಿಕತೆಯ) ಮಗು, ತಡಮಾಡದೆ ಚಿಕಿತ್ಸೆಗೆ ಕಳಿಸಬೇಕು.

ನಮ್ಮ ಕಡೆಯ ರಾಗಿ ಹೊಲ ನೆನೆಸಿಕೊಂಡ ಮೇಲೆ ನನಗೆ ಇದು ಗಟ್ಟಿಯಾಯಿತು. ಮೊದಲಿನಿಂದಲೂ ಗೊಬ್ಬರ ಸಾಲದ ಪೈರು ಗಿಡ್ಡವಾಗಿ ಉಳಿಯುತ್ತದೆ. ಅದು ಕುಂಠಿತ. ಚೆನ್ನಾಗಿ ಬೆಳೆದ ಪೈರು ಮಳೆ ಕೈಕೊಟ್ಟಾಗ ಬಾಡುತ್ತದೆ. ಅದು ಕೃಶ. ಬಾಡಿದ್ದಕ್ಕೆ ನೀರು ಇವತ್ತೇ ಬೇಕು. ಉದ್ದ ಅಳೆಯದೆ ಸುಮ್ನೆ ತಕ್ಕಡಿ ನೋಡಿ ಮನೆಗೆ ಕಳಿಸಿದರೆ ಆ ಎರಡನೇ ಮಗು ಕೈತಪ್ಪಿ ಹೋಗುತ್ತದೆ. ನನಗೆ ತುಂಬಾ ಭಯವಾಗಿದ್ದು ಇದಕ್ಕೇ.

ತೋಳಿನ ಪಟ್ಟಿ: ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಸ್ಯಾಮ್. 6 ತಿಂಗಳು ತುಂಬಿದ ಮಕ್ಕಳಿಗೆ ಮಾತ್ರ.

ಊತ: ಎರಡೂ ಪಾದ ಒತ್ತಿ ನೋಡಿ. ಎರಡರಲ್ಲೂ ಗುಳಿ ಉಳಿದರೆ ತೂಕ ಎಷ್ಟೇ ಇರಲಿ, ಅದೂ ಸ್ಯಾಮ್. ಮೈಯಲ್ಲಿ ತುಂಬಿದ ನೀರೂ ತಕ್ಕಡಿಯಲ್ಲಿ ತೂಗುತ್ತದೆ.

ಆಸ್ಪತ್ರೆಯಲ್ಲಿ ಮೊದಲು ಎಫ್-75 ಎಂಬ ಚಿಕಿತ್ಸೆಯ ಹಾಲು: 100 ಮಿ.ಲೀ.ಗೆ 75 ಕಿಲೋ ಕ್ಯಾಲೊರಿ, ಪ್ರೋಟೀನ್ ಕಡಿಮೆ. ಸೊರಗಿದ ಮೈ ಒಮ್ಮೆಗೇ ಜಾಸ್ತಿ ಆಹಾರ ತಡೆಯುವುದಿಲ್ಲ. ಕಬ್ಬಿಣದ ಔಷಧ ಶುರುವಿನಲ್ಲಿ ಕೊಡಬಾರದು. ಮಗು ಚೇತರಿಸಿಕೊಂಡು ತೂಕ ಏರತೊಡಗಿದ ಮೇಲೆ ಕೊಡುತ್ತಾರೆ.